ಕಲುಷಾಸುರನಿಗೆ ಶ್ರುತಿ ಹಿಡಿದ ವೆಂಕಟಗಿರಿ ಮೇಷ್ಟ್ರು

ಕೆಂಗೇರಿ ಕಡೆಯ ಪೌರಾಣಿಕ ನಾಟಕಗಳಲ್ಲಿ ರಾಮನ ಪಾತ್ರಕ್ಕೆ ಯಾರೂ ಜಗಳ ಆಡುವುದಿಲ್ಲ. ಜಗಳ ಆಗುವುದು ರಾವಣನ ಪಾತ್ರಕ್ಕೆ. ದುರ್ಯೋಧನ, ಕೀಚಕ, ಕಂಸ ಇವರಿಗೆ ಹಾಡುವ ಪದ ಜಾಸ್ತಿ, ಕಿರೀಟ ದೊಡ್ಡದು, ಮೀಸೆ ದಪ್ಪ. ಇನ್ನೊಂದು ಮಾತು. ಬೇರೆ ಕಡೆ ನಾಟಕ ಆಡುವವನಿಗೆ ದುಡ್ಡು ಕೊಡುತ್ತಾರಂತೆ. ನಮ್ಮಲ್ಲಿ ಪಾತ್ರ ಬೇಕಾದವನೇ ಕೊಡಬೇಕು. ಸೀನರಿ, ಡ್ರೆಸ್ಸು, ಮೈಕ್‌ಸೆಟ್ಟು, ಮೇಷ್ಟ್ರ ಸಂಭಾವನೆ ಎಲ್ಲ ಅದರಲ್ಲೇ ನಡೆಯಬೇಕು. ಹೆಚ್ಚು ಕೊಟ್ಟವನಿಗೆ ದೊಡ್ಡ ಪಾತ್ರ. ಹಾಗಾಗಿ ಊರಿನಲ್ಲಿ ಯಾರು ಸಾಹುಕಾರನೋ ಅವನೇ ನಾಟಕದಲ್ಲಿ ರಾಕ್ಷಸ. ಇದಿಷ್ಟು ಮೊದಲೇ ತಿಳಿದಿರಲಿ. ಇಲ್ಲದಿದ್ದರೆ ವೆಂಕಟಗಿರಿ ಮೇಷ್ಟ್ರು ಎಂಥ ದಡ್ಡತನ ಮಾಡಿದರು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ಹಾರ್ಮೋನಿಯಂ ಮೇಷ್ಟ್ರು. ಮಾಗಡಿ ರೋಡಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ನಾಟಕ ಕಲಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು. ಗೋವಿಂದರಾಜನಗರದಲ್ಲಿ ಓನರ್ ಮನೆಯ ಹಿಂದುಗಡೆ ಒಂದು ಶೀಟಿನ ಮನೆ. ಹೆಂಡತಿ ಜಗದಾಂಬಾ, ಮಕ್ಕಳಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಬೈಸಿಕೊಂಡು ಕೆಂಗೇರಿಗೆ ಬರುತ್ತಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಗಿದ್ದರೂ ಅವರು ಪಕ್ಕದಲ್ಲಿ ಕೂತರೆ ದೇವರ ಮನೆಯ ವಾಸನೆ. ಮನುಷ್ಯ ಎಂಥವರು ಅಂದರೆ, ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಇವರೇ ಸಾರಿ ಸಾರ್ ಅನ್ನುತ್ತಿದ್ದರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಪೆಟ್ಟಿಗೆ ಮುಂದೆ ಕೂತರೆ ಆಸಾಮಿಯೇ ಬೇರೆ. ಬುಲೆರೋದಲ್ಲಿ ಬಂದ ಜಮೀನ್ದಾರರಿಗೂ "ಅಪಸ್ವರ! ಮುಚ್ಚು ಬಾಯಿ!" ಅಂತ ಗದರುತ್ತಿದ್ದರು. ಅವರೂ ಮುಚ್ಚುತ್ತಿದ್ದರು.

ನಾನು ಹೊನ್ನಗಂಗಯ್ಯ. ದೀಪಾಂಜಲಿ ನಗರದ ಹತ್ತಿರ ಮೈಸೂರು ರೋಡಿನಲ್ಲಿ ವೆಲ್ಡಿಂಗ್ ಅಂಗಡಿ, ವಾಸ ಕೆಂಗೇರಿ ಪಕ್ಕದ ಚಿಕ್ಕಮಾರನಪಾಳ್ಯ. ಓದಿದ್ದು ನಾಲ್ಕನೇ ಕ್ಲಾಸು. ಮೈ ದಪ್ಪ, ಗಂಟಲೂ ದಪ್ಪ, ಹಾಗಾಗಿ ನಮ್ಮೂರ ನಾಟಕದಲ್ಲಿ ಖಾಯಂ ಭೀಮ.

ನಮ್ಮ ತಾಲೀಮು ಸಂಜೆ ಹೊತ್ತು ಪಾಳ್ಯದ ಭಜನೆ ಮನೆಯಲ್ಲಿ. ಅದರ ಬೆನ್ನಿಗೇ ಕುಂಟೆ. ಮಳೆ ನೀರು ನಿಲ್ಲುವ, ಕೆರೆಗಿಂತ ಸಣ್ಣ ಜಾಗ ಅದು. ಅತ್ತ ಕಡೆ ವೃಷಭಾವತಿ ಹೊಳೆ ಇಡೀ ಬೆಂಗಳೂರಿನ ಹೊಲಸು ಹೊತ್ತುಕೊಂಡು, ಬಿಳೀ ನೊರೆ ಕಾರಿಕೊಂಡು ಹರಿಯುತ್ತಿತ್ತು. ಅದರ ನಾತಕ್ಕೆ ಹೊಸ ನೆಂಟರು ಊಟ ಬಿಟ್ಟು ಏಳುತ್ತಿದ್ದರು. ಕುಂಟೆ ಮಾತ್ರ ಏರಿಯ ಈಚೆಗೆ, ಸ್ವಲ್ಪ ಎತ್ತರದಲ್ಲಿ ಇದ್ದದ್ದರಿಂದ ಬಚಾವಾಗಿತ್ತು. ಮೇಷ್ಟ್ರು ತಾಲೀಮಿಗೆ ಮುಂಚೆ ಅದರ ಮೆಟ್ಟಿಲ ಮೇಲೆ ಕೂತು, ಜಗದಾಂಬಮ್ಮ ಕಟ್ಟಿಕೊಟ್ಟ ಚಪಾತಿ ತಿನ್ನುತ್ತಾ ನೀರುಕೋಳಿ ಮುಳುಗಿ ಏಳುವುದನ್ನು ನೋಡುತ್ತಿದ್ದರು.

"ಈ ಬೆಂಗಳೂರಲ್ಲಿ ಏಳ್ರೀ ಅಂತ ಯಾರೂ ಎಬ್ಬಿಸದೇ ಇರೋ ಜಾಗ ನನಗೆ ಇದೊಂದೇ ಗಂಗಣ್ಣ" ಅಂತ ಒಂದು ದಿನ ಹೇಳಿದ್ದರು.

ಆ ಜಾಗಕ್ಕೇ ಚನ್ನಕೇಶವನ ಕಣ್ಣು ಬಿತ್ತು. ಚನ್ನಕೇಶವ ನಮ್ಮೂರವನೇ, ನನ್ನ ಜೊತೆಗೇ ಶಾಲೆ ಬಿಟ್ಟವನು. ಅವರಪ್ಪ ರಾಗಿ ಬೆಳೆದ ಹೊಲವನ್ನೆಲ್ಲ ಸೈಟು ಮಾಡಿ ಮಾರಿ, ಕುತ್ತಿಗೆಗೆ ನಾಯಿ ಕಟ್ಟುವಂಥ ಚಿನ್ನದ ಚೈನು ಹಾಕಿಕೊಂಡು, ಬಾಡಿಗೆಗೆ ಜೆಸಿಬಿ ಬಿಟ್ಟಿದ್ದ. ಕುಂಟೆಯ ಜಾಗ ತನ್ನ ತಾತನ ಹೆಸರಿನಲ್ಲಿದೆ ಅಂತ ಎಲ್ಲಿಂದಲೋ ಕಾಗದ ಹುಟ್ಟಿಸಿಕೊಂಡು ಬಂದು, ಆಷಾಢ ಕಳೆದ ಕೂಡಲೇ ಮಣ್ಣು ತುಂಬಿಸುತ್ತೇನೆ ಅಂತ ಸಾರಿಕೊಂಡು ತಿರುಗಿದ. ಊರಿನವರು ತುಟಿ ಬಿಚ್ಚಲಿಲ್ಲ. ಯಾಕೆ ಬಿಚ್ಚುತ್ತಾರೆ? ಒಬ್ಬೊಬ್ಬನಿಗೂ ಅಲ್ಲೊಂದು ಮೂಲೆ ಸೈಟು ಸಿಗುತ್ತದೆ ಅನ್ನುವ ಆಸೆ. ನಾನು ಒಬ್ಬನೇ ಹೋಗಿ ಅವನ ಗೇಟಿನ ಮುಂದೆ ಕೂಗಾಡಿದೆ. ಅವನು ಒಳಗಿಂದ ಕಾಫಿ ಕಳಿಸಿದ. ಜಗಳಕ್ಕೆ ಹೋದವನಿಗೆ ಕಾಫಿ ಕೊಟ್ಟರೆ ಅದಕ್ಕಿಂತ ಅವಮಾನ ಇನ್ನೇನಿದೆ?

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಆಗ ಬೆಂಗಳೂರ ತುಂಬ ಪರಿಸರದ ಕಲೆ ಅನ್ನುವುದು ಕೆಂಗಣ್ಣು ರೋಗದ ಥರ ಒಬ್ಬರಿಂದ ಒಬ್ಬರಿಗೆ ಹತ್ತುತ್ತಿತ್ತು. ಬಸವೇಶ್ವರನಗರದ ಒಬ್ಬ ದೊಡ್ಡ ಕಲಾವಿದರು ನನ್ನ ಅಂಗಡಿಗೆ ಬಂದು ಕಬ್ಬಿಣದ ಮರ ಮಾಡಿಸಿಕೊಂಡರು. ಗುಜರಿ ಪೈಪು, ಸೈಕಲ್ ಚೈನು, ಕೊಂಬೆಗೆ ಖಾಲಿ ಬಿಸ್ಲೇರಿ ಬಾಟಲಿ. "ಇದು ಭೂಮಿತಾಯಿಯ ನರಳಾಟ" ಅಂದರು. ನರಳಿದ್ದು ನಾನು, ಕಿಡಿ ಹಾರಿ ಮುಂಗೈ ಸುಟ್ಟುಕೊಂಡು. ಅವರ ಕಾರು ನಿಲ್ಲಿಸುವುದಕ್ಕೆ ಅಡ್ಡ ಅಂತ ನಮ್ಮ ಅಂಗಡಿ ಮುಂದಿನ ಹೊಂಗೆ ಕೊಂಬೆ ಕಡಿಯಿರಿ ಅಂದ ಮಹಾನುಭಾವರು ಅವರೇ. ಆ ಕಬ್ಬಿಣದ ಮರವನ್ನು ಯಾವುದೋ ಕಂಪನಿಯ ಏಸಿ ಹಾಲಿನಲ್ಲಿ ನಿಲ್ಲಿಸಿ, ಸಮೋಸ ತಿಂದು, ಚಪ್ಪಾಳೆ ತಟ್ಟಿಕೊಂಡು ಎದ್ದು ಹೋದರಂತೆ.

ಮರ ಇನ್ನೂ ಅಂಗಡಿಯಲ್ಲಿದ್ದಾಗ ಮೇಷ್ಟ್ರು ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದನ್ನ ನೋಡಿದ್ರೆ ಜನಕ್ಕೆ ಬುದ್ಧಿ ಬರುತ್ತಾ ಗಂಗಣ್ಣ?"

"ಜನಕ್ಕೆ ಬರಲ್ಲ ಮೇಷ್ಟ್ರೇ, ನನಗೆ ಬಂತು. ಇನ್ನು ಮೇಲೆ ಕಲಾವಿದರ ಕೆಲಸ ಮುಟ್ಟಲ್ಲ."

ಅವರು ನಗಲಿಲ್ಲ. ಪೇಪರಿನ ಒಂದು ತುಂಡು ಜೇಬಿನಿಂದ ತೆಗೆದರು. ಭೂಮಿ ಬಿಸಿಯಾಗುತ್ತಿದೆ, ಹಿಮಾಲಯದ ಮಂಜು ಕರಗುತ್ತಿದೆ, ಮಳೆ ಹದ ತಪ್ಪುತ್ತದೆ ಅಂತ ಅದರಲ್ಲಿ ಬರೆದಿತ್ತಂತೆ. "ಅವರು ಕಬ್ಬಿಣದಲ್ಲಿ ಮಾಡ್ಲಿ. ನಾವು ಪದದಲ್ಲಿ ಮಾಡೋಣ. ಈ ಸಲ ಕುರುಕ್ಷೇತ್ರ ಬೇಡ. ನಾನೇ ಒಂದು ಕಟ್ತೀನಿ" ಅಂದರು.

ಕಟ್ಟಿದರು. ಹೆಸರು 'ಕಲುಷಾಸುರ ಸಂಹಾರ ಅರ್ಥಾತ್ ವೃಷಭಾವತಿ ವಿಜಯ'. ಬಸವನ ಪಾದದಡಿ ಹುಟ್ಟಿದ ವೃಷಭಾವತಿಯನ್ನು ಕಲುಷಾಸುರ ಎಂಬ ರಾಕ್ಷಸ ಹಿಡಿದು, ಹೊಲಸಿನ ಸೆರೆಯಲ್ಲಿ ಇಡುತ್ತಾನೆ. ಅವಳ ತಂದೆ ಹಿಮವಂತ ಬಿಸಿಲಿಗೆ ಕರಗಿ ಕರಗಿ ಸಾಯುತ್ತಿದ್ದಾನೆ. ಕೊನೆಗೆ ಹೊಳೆ ಉಕ್ಕಿ ರಾಕ್ಷಸನನ್ನು ಕೊಲ್ಲುತ್ತದೆ. ರಾಕ್ಷಸನಿಗೆ ಮೇಷ್ಟ್ರು ಒಂದು ದೊಡ್ಡ ಚೈನು ಬರೆದರು. ಕಬ್ಬಿಣದ ಸೊಂಡಿಲಿನ ಹಳದಿ ಆನೆಯನ್ನು ವಾಹನ ಮಾಡಿ ಬರೆದರು. ಚನ್ನಕೇಶವ ಮಾತಿಗೊಮ್ಮೆ "ನೋಡ್ಕೊಳ್ಳೋಣ ಬಿಡಿ" ಅನ್ನುತ್ತಿದ್ದ. ಅದನ್ನೂ ರಾಕ್ಷಸನ ಬಾಯಿಗೆ ಹಾಕಿದರು.

"ದೊಡ್ಡ ಪಾತ್ರ ಅಂತ ಅವರೇ ತಗೋತಾರೆ. ಆಡ್ತಾ ಆಡ್ತಾ ತಾನು ಯಾರು ಅಂತ ಗೊತ್ತಾಗುತ್ತೆ. ಊರ ಮುಂದೆ ನಾಚ್ಕೆ ಆಗುತ್ತೆ. ಕುಂಟೆ ಬಿಡ್ತಾರೆ" ಅಂತ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ಇಡೀ ಆಯಸ್ಸಿನಲ್ಲಿ ಅವರು ಯಾರ ಮೇಲಾದರೂ ಹೂಡಿದ ಸಂಚು ಅಂದರೆ ಅದೊಂದೇ.

ಚನ್ನಕೇಶವ ಪಾತ್ರವನ್ನೇನೋ ತೆಗೆದುಕೊಂಡ. ನಾಚಿಕೆ ಮಾತ್ರ ಹತ್ತಿರ ಸುಳಿಯಲಿಲ್ಲ.

"ಏನ್ ಮೇಷ್ಟ್ರೇ, ನನ್ನ ಮಾತು ನನ್ನ ಬಾಯಿಗೇ ಹೊಲಿದು ಕೊಟ್ಟಂಗಿದೆಯಲ್ಲ! ದುರ್ಯೋಧನ ಮಾಡ್ದಾಗ ಇಷ್ಟು ಸಲೀಸಾಗಿ ಬಂದಿರ್ಲಿಲ್ಲ ಕಣ್ರೀ" ಅಂದ ತಾಲೀಮಿನ ಮೊದಲನೇ ದಿನವೇ. "ಹಳದಿ ಆನೆ ಯಾಕೆ? ನಮ್ಮ ಜೆಸಿಬೀನೇ ತರ್ಸ್ತೀನಿ. ಬಕೆಟ್ ಮೇಲೆ ನಿಂತು ಬರ್ತೀನಿ. ಎಂಟ್ರಿ ಅಂದ್ರೆ ಎಂಟ್ರಿ!"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಭಜನೆ ಮನೆಯ ಸೂರು ನೋಡಿದೆ.

"ಹಿಮವಂತನ ಪದ ಮಾತ್ರ ತೆಗೀರಿ. ಹಿಮ ಕರಗಿದ್ರೆ ನಮಗೇನು? ಕೆಂಗೇರೀಲಿ ಹಿಮ ಎಲ್ಲಿದೆ?" ಅಂತ ಇನ್ನೊಂದು ಸೇರಿಸಿದ. ಅದನ್ನು ಮಾತ್ರ ಮೇಷ್ಟ್ರು ತೆಗೆಯಲಿಲ್ಲ.

ವೃಷಭಾವತಿಯ ಪಾತ್ರಕ್ಕೆ ರಾಜಾಜಿನಗರದಿಂದ ಪುಟ್ಟಲಕ್ಷ್ಮಿ ಬಂದಳು. ನಮ್ಮ ನಾಟಕಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಸಂಬಳಕ್ಕೆ ಕರೆಸುತ್ತೇವೆ. ದ್ರೌಪದಿ, ಕುಂತಿ, ಸೀತೆ ಎಲ್ಲ ಆಡಿ ಆಡಿ ಗಂಡಸರ ಕಡೆ ನೋಡುವ ನೋಟದಲ್ಲೇ ಸುಡುವುದನ್ನು ಕಲಿತ ಹೆಂಗಸು ಅವಳು. ನನಗೆ ಬಸವನ ಪಾತ್ರ. ತಲೆಗೆ ಕೊಂಬು ಕಟ್ಟಿಕೊಂಡು ಹೊಳೆಯನ್ನು ಕಾಯಬೇಕು, ರಾಕ್ಷಸನ ಜೊತೆ ಗುದ್ದಾಡಬೇಕು. ಸಿಟ್ಟು ಕಲಿಸಿಕೊಡುವ ಅಗತ್ಯ ನನಗಿರಲಿಲ್ಲ.

ಆಷಾಢದಲ್ಲಿ ಮದುವೆ ಇಲ್ಲ, ಛತ್ರಗಳು ಖಾಲಿ. ಒಂದು ಭಾನುವಾರ ಕೆಂಗೇರಿಯ ಒಂದು ಛತ್ರದ ಅಂಗಳದಲ್ಲಿ ಹಗಲು ಹೊತ್ತಿಗೇ ನಾಟಕ ಇಟ್ಟೆವು. ತಿಂಡಿ ಮುಗಿಸಿ ಜನ ಬಂದು ಕೂತರು. ಚನ್ನಕೇಶವ ಹೇಳಿದಂತೆಯೇ ಜೆಸಿಬಿ ಬಕೆಟ್ಟಿನಲ್ಲಿ ನಿಂತು, ಗದೆ ಎತ್ತಿ, ಗೇಟಿನಿಂದ ಒಳಗೆ ಬಂದ.

"ಹೊಗೆಯೇ ಎನ್ನಯ ಕೊಡೆಯು, ನೊರೆಯೇ ಎನ್ನಯ ಮುಡಿಯು, ಬಗೆವೆನೀ ಭುವಿಯೊಡಲ, ತಡೆವನಾವನೆಲವೋ!"

ಶಿಳ್ಳೆ ಹೊಡೆದರು ಅಂದರೆ ನಂಬಿ, ಛತ್ರದ ಪಾರಿವಾಳ ಎಲ್ಲ ಎದ್ದವು. "ಒನ್ಸ್ ಮೋರ್!" ಅಂದರು. ನಮ್ಮ ಕಡೆ ಜನ ಒನ್ಸ್ ಮೋರ್ ಅಂದರೆ ಆ ಪದ ಇನ್ನೊಂದು ಸಲ ಹಾಡಲೇಬೇಕು, ಮೇಷ್ಟ್ರು ಶ್ರುತಿ ಕೊಡಲೇಬೇಕು. ಅದು ಧರ್ಮ. ಅವನು ಮತ್ತೆ ಹಾಡಿದ. ಭೂಮಿಯ ಹೊಟ್ಟೆ ಬಗೆಯುತ್ತೇನೆ ಅಂದವನಿಗೆ ಹೂವಿನ ಹಾರ ಹಾಕಿದರು. ಹಾಕಿದವರಲ್ಲಿ ಅರ್ಧ ಜನರ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವವರು. ಇವರಿಗೆ ಏನು ಹೇಳುತ್ತೀರಿ?

ಆಮೇಲೆ ಪುಟ್ಟಲಕ್ಷ್ಮಿ ಬಂದಳು. ಕರೀ ಸೀರೆ, ತಲೆಗೆ ಹತ್ತಿಯ ನೊರೆ.

"ತಂದೆ ಹಿಮವಂತನ ಮೈ ಬೆವರುತಿದೆ ಕಾಣಿರೋ, ಕಂದರಿರಾ, ನನ್ನೊಡಲ ಕೊಳೆ ತೊಳೆಯಲಾರಿರೋ..."

ಮೇಷ್ಟ್ರು ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಕಣ್ಣು ತೆಗೆದಾಗ ಎದುರಿಗಿದ್ದದ್ದು ಖಾಲಿ ಕುರ್ಚಿಗಳು. ಜನ ಎದ್ದು ಬೋಂಡ ತಿನ್ನಲು ಹೋಗಿದ್ದರು.

ಸೈಡ್‌ವಿಂಗಿಗೆ ಬಂದ ಪುಟ್ಟಲಕ್ಷ್ಮಿ ನೊರೆ ಕಿತ್ತು ಎಸೆದಳು. "ದ್ರೌಪದಿ ಸೀರೆ ಎಳೆಯೋವಾಗ ಒಬ್ಬನೂ ಎದ್ದು ಹೋಗಲ್ಲ. ಹೊಳೆ ಅಳೋವಾಗ ಎಲ್ಲಾ ಗಂಡಸ್ರಿಗೂ ಬೋಂಡ ಜ್ಞಾಪಕ ಬರುತ್ತೆ ನೋಡಿ ಮೇಷ್ಟ್ರೇ."

ಮೇಷ್ಟ್ರ ಮುಖ ಬಾಡಿದ್ದು ನಾನು ನೋಡಿದೆ. ಇನ್ನೂ ಸಂಹಾರದ ಸೀನು ಬಾಕಿ ಇತ್ತು, ಅಲ್ಲಾದರೂ ಏನಾದರೂ ಆಗುತ್ತದೆ ಅಂತ ಅವರಿಗೆ ಆಸೆ.

ಸಂಹಾರ ಬಂತು. ಹೊಳೆ ಉಕ್ಕಿದಳು, ನಾನು ಕೊಂಬಿನಿಂದ ತಿವಿದೆ, ಕಲುಷಾಸುರ ಬಿದ್ದ. ಬಿದ್ದುಕೊಂಡೇ ಒಂದು ಉದ್ದನೆ ಪದ ಹಾಡಿ ಸತ್ತ. ಒನ್ಸ್ ಮೋರ್! ಸತ್ತವನು ಎದ್ದ, ಕಿರೀಟ ಸರಿ ಮಾಡಿಕೊಂಡ, ಮತ್ತೆ ಹಾಡಿ ಸತ್ತ. ಒನ್ಸ್ ಮೋರ್! ಮತ್ತೆ ಎದ್ದ. ಜನರ ಕಡೆ ಕೈ ಬೀಸಿ, ನಗುತ್ತಾ ಮತ್ತೆ ಅಂಗಾತ ಮಲಗಿದ.

ಶ್ರುತಿ ಬರಲಿಲ್ಲ.

ಹೆಣ ಒಂದು ಕಣ್ಣು ತೆಗೆಯಿತು. "ಮೇಷ್ಟ್ರೇ, ಶ್ರುತಿ."

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಸತ್ತೋರಿಗೆ ಶ್ರುತಿ ಇಲ್ಲ."

ಪಾತ್ರಕ್ಕೆ ದುಡ್ಡು ಕೊಟ್ಟವನಿಗೆ, ಅದೂ ಒನ್ಸ್ ಮೋರ್ ಬಿದ್ದಾಗ, ಶ್ರುತಿ ಇಲ್ಲ ಅಂದ ಮೇಷ್ಟ್ರು ನಮ್ಮ ಕಡೆ ಹುಟ್ಟಿರಲಿಲ್ಲ. ಚನ್ನಕೇಶವನ ಮುಖ ಬಣ್ಣದ ಒಳಗೇ ಕೆಂಪಾಯಿತು. "ನೋಡ್ಕೊಳ್ಳೋಣ ಬಿಡಿ" ಅಂತ ಎದ್ದು ನಿಂತು, ಶ್ರುತಿ ಇಲ್ಲದೇ ಹಾಡಲು ಶುರು ಮಾಡಿದ. ಮೊದಲನೇ ಸಾಲು ಒಂದು ದಾರಿ ಹಿಡಿಯಿತು, ಎರಡನೇದು ಇನ್ನೊಂದು. ಮೇಲಕ್ಕೆ ಎಳೆದಾಗ ದನಿ ಒಡೆದು, ಎಮ್ಮೆ ಕರುವನ್ನು ಕರೆದ ಹಾಗೆ ಆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಅಂದರು. ಅಷ್ಟೇ, ಅಂಗಳ ಪೂರ್ತಿ ನಗು. ಅವನ ಹೆಂಡತಿ ಮುನಿಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದಳು. ಕಲುಷಾಸುರ ಕಿರೀಟ ಕಿತ್ತು ಬಿಸಾಕಿ, ಬಣ್ಣ ಬಳಿದ ಮುಖದಲ್ಲೇ ಗಾಡಿ ಹತ್ತಿ ಹೋದ.

ಕುಂಟೆ ಮುಚ್ಚುವವನು ಅಂತ ಒಬ್ಬನೂ ನಕ್ಕಿರಲಿಲ್ಲ. ರಾಗ ತಪ್ಪಿದ್ದಕ್ಕೆ ಊರಿಗೆ ಊರೇ ನಕ್ಕಿತು. ನಮ್ಮ ಜನರ ಮಾನ ಮರ್ಯಾದೆ ಇರುವುದು ಎದೆಯಲ್ಲಲ್ಲ, ಗಂಟಲಲ್ಲಿ.

ಚನ್ನಕೇಶವ ಆಷಾಢ ಕಳೆಯುವ ತನಕ ಕಾಯಲಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಟಿಪ್ಪರ್ ಲಾರಿಗಳು ಬಂದು ಮೆಟ್ಟಿಲ ಕಡೆಯಿಂದ ಕುಂಟೆಗೆ ಮಣ್ಣು ಸುರಿದವು. ನಾನು ಲಾರಿಗೆ ಅಡ್ಡ ನಿಂತು ಡ್ರೈವರಿನ ಕೊರಳಪಟ್ಟಿ ಹಿಡಿದೆ. ಊರಿನವರೇ ಬಂದು ನನ್ನನ್ನು ಎಳೆದರು. "ಆ ಹಾರ್ಮೋನಿಯಂ ಮುದುಕ ಸುಮ್ನೆ ಶ್ರುತಿ ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಸಾಹುಕಾರನ್ನ ಕೆಣಕಿದ್ರು" ಅಂದರು. ಕುಂಟೆಗೆ ಮಣ್ಣು ಹಾಕಿದವನು ಒಬ್ಬ, ತಪ್ಪು ಮಾಡಿದವರು ಇನ್ನೊಬ್ಬರು!

ಅದರ ಮಾರನೇ ದಿನ ಮೇಷ್ಟ್ರನ್ನು ನೋಡಲು ಗೋವಿಂದರಾಜನಗರಕ್ಕೆ ಹೋದೆ, ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಜಗದಾಂಬಮ್ಮ ಬಾಗಿಲು ತೆಗೆದರು. "ಊಟ ಬಿಟ್ಟು ಕೂತವ್ರೆ ಗಂಗಣ್ಣ. ನಾನೇ ಮಣ್ಣು ಹಾಕ್ಸಿದೆ ಅಂತ ಒಂದೇ ಸಮನೆ ಅಂತಾರೆ" ಅಂದರು. ಆ ಹೊತ್ತಿಗೇ ನನ್ನ ಮೊಬೈಲಿಗೆ ಫೋನು ಬಂತು. ಚನ್ನಕೇಶವ. ಮೇಷ್ಟ್ರನ್ನು ಕರೆದುಕೊಂಡು ಮನೆಗೆ ಬಾ ಅಂದ.

ಹೊಡೆಸುತ್ತಾನೆ ಅಂದುಕೊಂಡು ನಾನು ಒಂದು ರಾಡು ಜೊತೆಗೆ ಇಟ್ಟುಕೊಂಡೇ ಹೋದೆ. ನೋಡಿದರೆ ಅವನು ಪ್ಲಾಸ್ಟಿಕ್ ಕವರ್ ತೆಗೆಯದ ಸೋಫಾ ಮೇಲೆ, ಸೋತ ಕೋಳಿಯ ಹಾಗೆ ಕೂತಿದ್ದ.

"ಮೇಷ್ಟ್ರೇ, ಊರಲ್ಲಿ ತಲೆ ಎತ್ತಂಗಿಲ್ಲ. ಹಾಲಿನ ಡೈರೀಲಿ ಹೆಂಗಸ್ರು ನನ್ನ ಥರಾನೇ ಎಳೆದು ಹಾಡಿ ನಗ್ತಾರೆ. ಇವಳು" ಅಂತ ಒಳಗೆ ಕೈ ತೋರಿಸಿದ, "ಇವಳೂ ಸಾರು ಬಡಿಸ್ತಾ ನಗ್ತಾಳೆ."

"ಕುಂಟೆ..." ಅಂದರು ಮೇಷ್ಟ್ರು.

"ಕುಂಟೆ ಕಟ್ಕೊಂಡೇನ್ರೀ! ಕುಂಟೆಗೆ ಯಾರು ನಕ್ಕರು? ಲಾರಿ ಮುಂದೆ ನಿಂತು ಜನ ನಮಸ್ಕಾರ ಸಾಹುಕಾರ್ರೇ ಅಂತ ಹೋದ್ರು. ನಗೋದು ನನ್ನ ಪದಕ್ಕೆ. ಇನ್ನೊಂದ್ಸಲ ಆಡ್ಸಿ. ಅದೇ ನಾಟಕ, ಅದೇ ಜನ. ಆದ್ರೆ ಕಲುಷಾಸುರ ಸಾಯಂಗಿಲ್ಲ. ಹೊಳೆ ಬಂದು ಕಾಲಿಗೆ ಬೀಳ್ಬೇಕು. ಬಸವನ ಬೆನ್ನ ಮೇಲೆ ನಾನು ಕಾಲಿಟ್ಟು ಹಾಡ್ಬೇಕು. ಎಷ್ಟು ಸಲ ಒನ್ಸ್ ಮೋರ್ ಬಿದ್ರೂ ಶ್ರುತಿ ಬರ್ಬೇಕು. ಅಷ್ಟು ಮಾಡಿ, ಹಾಕಿರೋ ಮಣ್ಣು ನಾನೇ ಎತ್ತುಸ್ತೀನಿ."

ಬಸವ ಅಂದರೆ ನಾನು. "ಲೋ ಚನ್ನ, ನಿನ್ನ ಕಾಲು ಮುರಿದು ಕೈಗೆ ಕೊಡ್ತೀನಿ" ಅಂತ ಎದ್ದೆ. ಮೇಷ್ಟ್ರು ನನ್ನ ಅಂಗಿ ಹಿಡಿದು ಕೂರಿಸಿದರು. ಅವರ ಮುಖದಲ್ಲಿ ಪೆಟ್ಟಿಗೆ ಮುಂದೆ ಕೂತಾಗ ಬರುವ ಕಳೆ ಬಂದಿತ್ತು.

"ಒಂದ್ಸಲ ಆಡಿದ್ರೆ ಜನ ಮರೆಯಲ್ಲ ಸಾಹುಕಾರ್ರೇ. ಆ ನಗು ಹೋಗ್ಬೇಕಂದ್ರೆ ವರ್ಷಾ ವರ್ಷಾ ಆಡ್ಬೇಕು. ಛತ್ರದಲ್ಲಿ ಅಲ್ಲ, ಕುಂಟೆ ಏರಿ ಮೇಲೆ. ತುಂಬಿದ ನೀರಿನ ಮುಂದೆ ನಿಂತು ಹಾಡಿದ್ರೆ ದನಿ ಎದುರು ದಡಕ್ಕೆ ಗಂಟೆ ಹೊಡೆದಂಗೆ ಹೋಗುತ್ತೆ. ನಿಮ್ಮ ಗಂಟಲಿಗೆ ಆ ನೀರು ಬೇಕೇ ಬೇಕು. ಮಣ್ಣು ತುಂಬಿದ ಜಾಗದಲ್ಲಿ ಹಾಡಿದ್ರೆ ಮೊನ್ನೆ ಥರಾನೇ ಆಗುತ್ತೆ."

ಚನ್ನಕೇಶವ ಗಂಟಲು ಸವರಿಕೊಂಡ. "ನೀರಿನ ಮೇಲೆ ಅಷ್ಟು ಚೆನ್ನಾಗಿ ಹೋಗುತ್ತಾ?"

"ನೀವೇ ಹಾಡಿ ನೋಡಿ."

ಆ ಸಂಜೆ ಅವನು ಏರಿ ಮೇಲೆ ನಿಂತು ಒಂದು ಆಲಾಪ ಎಳೆದ. ಮೇಷ್ಟ್ರು ಶ್ರುತಿ ಹಿಡಿದರು. ದನಿ ನಿಜವಾಗಿಯೂ ಮಣ್ಣು ಬೀಳದೆ ಉಳಿದಿದ್ದ ನೀರಿನ ಮೇಲೆ ಜಾರಿಕೊಂಡು ಹೋಗಿ, ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಚನ್ನಕೇಶವನ ಮುಖ ಅರಳಿತು. ಮಾರನೇ ದಿನ ಅದೇ ಜೆಸಿಬಿ ಬಂದು ಮಣ್ಣು ಎತ್ತಿತು. ಮೆಟ್ಟಿಲು ಒಂದೆರಡು ಮುರಿದಿದ್ದವು, ಅವನ್ನೂ ಕಟ್ಟಿಸಿದ.

ನಾನು ಕೆಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ಹಿಡಿದುಕೊಂಡೆ. "ನಾಚ್ಕೆ ಆಗಲ್ವೇನ್ರೀ? ರಾಕ್ಷಸನ ಕಾಲಿಗೆ ಹೊಳೇನ ಬೀಳ್ಸೋಕೆ ನಾಟಕ ಬರೆದ್ರಾ? ನ್ಯಾಯವಾಗಿ ಮಾತಾಡೋಕೆ ಒಂದು ಬೆನ್ನುಮೂಳೆ ಅಂತ ಇದೆಯಾ ನಿಮಗೆ?"

ಮೇಷ್ಟ್ರು ಕಂಬಳಿ ಗಂಟು ಬಿಗಿ ಮಾಡುತ್ತಾ ಹೇಳಿದರು. "ನನ್ನ ಬೆನ್ನುಮೂಳೆ ತಗೊಂಡು ಆ ನೀರುಕೋಳಿ ಏನ್ ಮಾಡುತ್ತೆ ಗಂಗಣ್ಣ?"

ಬಸ್ಸು ಬಂತು, ಹತ್ತಿ ಹೋದರು.

ಪುಟ್ಟಲಕ್ಷ್ಮಿ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಅವನ ಕಾಲಿಗೆ ನಾನಾ? ನನ್ನ ಮುಂದೆ ಭೀಷ್ಮರೇ ತಲೆ ಬಗ್ಗಿಸವ್ರೆ" ಅಂದಳು. ಮೇಷ್ಟ್ರು ಅವಳನ್ನು ಕುಂಟೆಯ ಹತ್ತಿರ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಕೂರಿಸಿದರು. ಏನು ಹೇಳಿದರೋ ತಿಳಿಯದು. ವಾಪಸು ಬಂದವಳು ನನಗೆ ಹೇಳಿದಳು. "ಬೀಳ್ತೀನಿ. ಬೀಳೋವಾಗ ಕಾಲಿಗೆ ಚಿವುಟ್ತೀನಿ. ಅದಕ್ಕೆ ಮೇಷ್ಟ್ರು ಬೇಡ ಅಂದಿಲ್ಲ."

ಆಷಾಢದ ಕೊನೇ ಭಾನುವಾರ ಏರಿ ಮೇಲೆ ಪೆಂಡಾಲು ಹಾಕಿದರು. ನಾಟಕದ ಹೆಸರು ಈಗ 'ಕಲುಷಾಸುರ ಪ್ರತಾಪ'. ಹೋದ ಸಲ ನಕ್ಕವರೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಹೊಳೆ ಕಾಲಿಗೆ ಬಿದ್ದಳು, ಚಿವುಟಿದಳು, ರಾಕ್ಷಸ ಅದನ್ನು ನಟನೆ ಅಂದುಕೊಂಡು ಇನ್ನೂ ಜೋರಾಗಿ ಹಾಡಿದ. ನಾನು ಮಂಡಿಯೂರಿ ಬಗ್ಗಿದೆ, ಅವನು ನನ್ನ ಬೆನ್ನ ಮೇಲೆ ಕಾಲಿಟ್ಟ. ಒನ್ಸ್ ಮೋರ್ ಬೀಳುತ್ತಲೇ ಇತ್ತು. ಮೇಷ್ಟ್ರ ಎಡಗೈ ಸೋತರೆ ಕೈ ಬದಲಾಯಿಸಿ ಬಲಗೈಯಲ್ಲಿ ಗಾಳಿಯ ತಿದಿ ಒತ್ತಿ, ಎಡಗೈಯಲ್ಲಿ ನುಡಿಸಿದರು. ಒಂದು ಸಲವೂ ಶ್ರುತಿ ತಪ್ಪಲಿಲ್ಲ. ಅಪ್ಪಿಕೊಂಡ ಹಾಗೆ ಅವನ ದನಿಯ ಕೆಳಗೇ ಇದ್ದು, ಅದು ಜಾರಿದಲ್ಲೆಲ್ಲ ಎತ್ತಿ ಹಿಡಿದರು. ಕೊನೆಗೆ ಚನ್ನಕೇಶವ ಮೈಕು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ನಾನು ಇರೋ ತನಕ ಈ ಕುಂಟೇನ ಯಾರೂ ಮುಟ್ಟಂಗಿಲ್ಲ! ಇದು ಕಲೆಯ ಜಾಗ!" ಅಂದ. ಚಪ್ಪಾಳೆಯೋ ಚಪ್ಪಾಳೆ. ಮೂಲೆ ಸೈಟಿನ ಆಸೆಯವರೂ ತಟ್ಟಿದರು.

ಮುಂದಿನ ವರ್ಷ ವಿಜಯನಗರದ ಯಾವುದೋ ಸಂಘದವರು ಅವನಿಗೆ 'ಪರಿಸರ ಮಿತ್ರ' ಅಂತ ಬಿರುದು ಕೊಟ್ಟು, ಶಾಲು ಹೊದಿಸಿ, ಕಲೆಯಿಂದ ಕೆರೆ ಉಳಿಸಿದ ಮಹನೀಯರು ಅಂತ ಭಾಷಣ ಮಾಡಿದರು. ಆ ಕಬ್ಬಿಣದ ಮರದ ಕಲಾವಿದರೂ ವೇದಿಕೆ ಮೇಲಿದ್ದರು. ಮೇಷ್ಟ್ರ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ಅವರು ಪ್ರಾರ್ಥನೆಗೆ ಶ್ರುತಿ ಹಿಡಿಯಲು ಹೋಗಿದ್ದರು, ಹಿಡಿದು ಬಂದರು.

ಈಗ ಎರಡು ಸಾವಿರದ ಒಂಬತ್ತು. ಕುಂಟೆಯಲ್ಲಿ ನೀರಿದೆ. ಮಳೆ ಹೇಗೆ ಹೇಗೋ ಬರುತ್ತಿದೆ, ಬೇಡವಾದಾಗ ಸುರಿದು ಬೇಕಾದಾಗ ಮುಖ ತಿರುಗಿಸಿಕೊಂಡು ಹೋಗುತ್ತದೆ, ಆದರೂ ನಿಂತಷ್ಟು ನೀರು ನಿಂತಿದೆ. ಹೊಸ ಕಷ್ಟ ಬೇರೆ. ಚನ್ನಕೇಶವನ ಗಂಟಲು ಕೆಡುತ್ತಿದೆ. ಗುಟ್ಕಾ, ಐಸು ಹಾಕಿದ ವಿಸ್ಕಿ, ಮೊಬೈಲಿನಲ್ಲಿ ಕಿರುಚುವುದು. ಮೇಲಿನ ಸ್ವರ ಮುಟ್ಟಲು ಹೋದರೆ ಕರ್ರ್ ಅನ್ನುತ್ತದೆ. ಇನ್ನೊಂದು ಸಲ ಜನ ನಕ್ಕರೆ ಕುಂಟೆಯ ಗತಿ ಏನು ಅಂತ ಮೇಷ್ಟ್ರಿಗೆ ನಿದ್ದೆ ಇಲ್ಲ. ಪದಗಳನ್ನೆಲ್ಲ ಕೆಳಗಿನ ಶ್ರುತಿಗೆ ಇಳಿಸಿ ಹೊಸದಾಗಿ ಕೂರಿಸಿದ್ದಾರೆ. ಬಸ್ಸಿನಲ್ಲಿ ಬಂದು, ಅವನ ಮನೆ ಬಾಗಿಲಲ್ಲಿ ನಿಂತು, ಜ್ಯೇಷ್ಠಮಧು, ಕಲ್ಲುಸಕ್ಕರೆ, ಮೆಣಸಿನ ಪುಡಿ ಪೊಟ್ಟಣ ಕಟ್ಟಿ ಕೊಡುತ್ತಾರೆ.

"ಉಗೀರಿ ಗುಟ್ಕಾನ. ಉಗೀರಿ ಅಂದ್ನಲ್ಲ! ಐಸು ಮುಟ್ಟಿದ್ರೆ ನೋಡಿ" ಅಂತ ಅವನನ್ನು ಗದರುವುದನ್ನು ನಾನೇ ಕೇಳಿದ್ದೇನೆ. ತಾಯಿ ಮಗುವಿಗೆ ಗದರಿದ ಹಾಗೆ. ನೋಡಿದರೆ ವಾಕರಿಕೆ ಬರುತ್ತದೆ.

ಹೋದ ತಿಂಗಳು ಮೇಷ್ಟ್ರು ಮಂಡಿ ಹಿಡಿದುಕೊಂಡು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತರು. ಬಸ್ಸು ಹತ್ತಲು ಆಗುತ್ತಿಲ್ಲವಂತೆ. ಪೊಟ್ಟಣಗಳನ್ನು ತೆಗೆದು ನನ್ನ ಗ್ರೈಂಡಿಂಗ್ ಮೆಷಿನ್ನಿನ ಪಕ್ಕ ಇಟ್ಟರು.

"ಸಾಹುಕಾರ್ರನ್ನ ಒಬ್ಬರನ್ನೇ ಬಿಟ್ರೆ ಕುಡಿಯಲ್ಲ ಗಂಗಣ್ಣ. ಎದುರಿಗೇ ನಿಂತ್ಕೋಬೇಕು."

"ನಾನು? ಅವನಿಗೆ? ಮೇಷ್ಟ್ರೇ, ಆ ಗಂಟಲು ಕಂಡ್ರೆ ಹಿಸುಕೋಣ ಅನ್ನಿಸುತ್ತೆ ನನಗೆ."

"ಹಿಸುಕೋದು ಬೇಡ. ಬಿಸಿನೀರಲ್ಲಿ ಕಲಸಿ ಕೊಡಿ" ಅಂದರು.

ಎಲ್ಲರನ್ನೂ ಬೈದೆ. ಚನ್ನಕೇಶವನನ್ನು, ಚಪ್ಪಾಳೆ ತಟ್ಟಿದವರನ್ನು, ಬಿರುದು ಕೊಟ್ಟವರನ್ನು, ಎದುರಿಗೆ ಕೂತು ಮಂಡಿ ಸವರುತ್ತಿದ್ದ ಈ ಮನುಷ್ಯನನ್ನೂ. ಅವರು ಪೂರ್ತಿ ಕೇಳಿಸಿಕೊಂಡು ನಿಧಾನಕ್ಕೆ ಎದ್ದು ಹೋದರು. ಈಗ ದಿನಾ ಅಂಗಡಿ ತೆಗೆಯುವ ಮುಂಚೆ ಆ ನನ್ಮಗನ ಮನೆಗೆ ಹೋಗಿ, ಅವನು ಕಷಾಯವನ್ನು ತಳದ ತನಕ ಕುಡಿಯುವವರೆಗೂ ಎದುರಿಗೆ ನಿಂತು ಬರುತ್ತೇನೆ.